ಅರ್ಧ ಅಳೆದ ನರ

ಮಣಿಕಟ್ಟಿನ ನರ ಅಳೆಯುವುದನ್ನು ಕಲಿತ ಹೊಸದರಲ್ಲಿ ಸಿಕ್ಕವರ ಕೈಯನ್ನೆಲ್ಲ ಹಿಡಿದು ನೋಡುವ ಚಪಲ ನನಗಿತ್ತು. ನನ್ನ ಎರಡೂ ಕೈ ಅಳೆದೆ. ಗಂಡನ ಕೈ ಅಳೆದೆ. ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ ಮಾಡುವ ಸಿಸ್ಟರ್ ಕೈಯನ್ನಂತೂ ಎಷ್ಟು ಸಲ ಅಳೆದೆನೆಂದರೆ, ಒಂದು ದಿನ ಆಕೆ ಜೆಲ್ ಒರೆಸಿಕೊಳ್ಳುತ್ತ, "ಇನ್ನರ ಪೇಶೆಂಟ್ ಕರೀಲೇನ್ರಿ ಮೇಡಂ?" ಎಂದು ಕೇಳಿದಳು.

ಕೊಟ್ಟೂರಿನಲ್ಲಿ ವಾರಕ್ಕೆ ನಾಲ್ಕು ದಿನ, ಹಗರಿಬೊಮ್ಮನಹಳ್ಳಿಯಲ್ಲಿ ಎರಡು ದಿನ ನಾನು ಸ್ಕ್ಯಾನ್ ಮಾಡುತ್ತೇನೆ. ಹದಿನೈದು ವರ್ಷಗಳಿಂದ ನನ್ನ ಕೆಲಸವೆಂದರೆ ಹೆಚ್ಚಾಗಿ ಹೊಟ್ಟೆ ನೋಡುವುದು. ಬಸುರಿಯರ ಹೊಟ್ಟೆ, ಕಲ್ಲಿನ ನೋವಿಗೆ ಮುದುಡಿಕೊಂಡು ಬಂದವರ ಹೊಟ್ಟೆ, ಕುಡಿದು ಲಿವರ್ ಕೆಡಿಸಿಕೊಂಡವರ ಹೊಟ್ಟೆ. ಕೈ ನೋಡುವುದು ತಡವಾಗಿ ಬಂದ ವಿದ್ಯೆ. ದಾವಣಗೆರೆಯಲ್ಲಿ ಎರಡು ದಿನ ಕೂರಿಸಿ ಕಲಿಸಿದ್ದರು. ಮಣಿಕಟ್ಟಿನಲ್ಲಿ ಎಲುಬುಗಳ ಮೇಲೆ ಬಿಗಿಯಾದ ಒಂದು ಪಟ್ಟಿ ಇರುತ್ತದೆ. ಅದರ ಕೆಳಗಿನ ಇಕ್ಕಟ್ಟಿನಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುಹುರಿಗಳೂ ಒಂದು ನರವೂ ಹಾದುಹೋಗುತ್ತವೆ. ಕೈಗೆ ಕೆಲಸ ಹೆಚ್ಚಾಗಿಯೋ, ಸಕ್ಕರೆ ಕಾಯಿಲೆಯಿಂದಲೋ, ಥೈರಾಯ್ಡಿನಿಂದಲೋ ಆ ಜಾಗ ಇನ್ನಷ್ಟು ಇಕ್ಕಟ್ಟಾದರೆ ನರ ಹಿಸುಕಿಕೊಳ್ಳುತ್ತದೆ. ಹಿಸುಕಿದ ಜಾಗಕ್ಕೆ ಸ್ವಲ್ಪ ಮೊದಲು ಅದು ಊದಿಕೊಳ್ಳುತ್ತದೆ. ಆ ಊದಿದ ನರದ ಅಂಚಿನ ಗುಂಟ ಪರದೆಯ ಮೇಲೆ ಗೆರೆ ಎಳೆದರೆ ಅದರ ವಿಸ್ತೀರ್ಣ ಚದರ ಮಿಲಿಮೀಟರಿನಲ್ಲಿ ಬರುತ್ತದೆ. ಹತ್ತರ ಆಸುಪಾಸು ದಾಟಿದರೆ ಅನುಮಾನ ಪಡಬೇಕು. ಸೂಜಿ ಇಲ್ಲ, ಕರೆಂಟ್ ಕೊಡುವುದಿಲ್ಲ, ಹತ್ತು ನಿಮಿಷದ ಕೆಲಸ.

ನರಕ್ಕೆ ಕರೆಂಟ್ ಹಾಯಿಸಿ ನೋಡುವ ಪರೀಕ್ಷೆ ಬೇಕೆಂದರೆ ನಮ್ಮ ಕಡೆಯವರು ದಾವಣಗೆರೆಗೋ ಬಳ್ಳಾರಿಗೋ ಹೋಗಬೇಕು. ಅದಕ್ಕಿಂತ ಇದು ಸುಲಭ ಎಂದು ಸುತ್ತಲಿನ ಡಾಕ್ಟರುಗಳಿಗೆಲ್ಲ ನಾನೇ ಹೇಳಿಕೊಂಡು ಬಂದಿದ್ದೆ. ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಒಬ್ಬೊಬ್ಬರನ್ನೇ ಕಳಿಸತೊಡಗಿದರು. ಹಾಗೆ ಬಂದವರಲ್ಲಿ ಕೊಟ್ಟೂರಿನ ಗಾದಿ ಅಕ್ಕ ಒಬ್ಬಳು.

ಅವಳ ಓಣಿಯವರೆಲ್ಲ ಹಾಗೆಯೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಗಂಡ ಹತ್ತಿ ಹಿಂಜುವ ಮಷೀನು ನಡೆಸುತ್ತಾನೆ, ಇವಳು ಗಾದಿ, ದಿಂಬು ಹೊಲಿಯುತ್ತಾಳೆ. ತಲೆಮಾರುಗಳಿಂದ ಅದೇ ಕಸುಬಿನ ಮುಸ್ಲಿಂ ಕುಟುಂಬ. ಮೊದಲ ಸಲ ಬಂದಾಗ ಅವಳಿಗೆ ನಲವತ್ತೈದರ ಆಸುಪಾಸು. ಹಸಿರು ಸೀರೆಯ ಸೆರಗನ್ನು ತಲೆ ಮೇಲೆ ಹೊದ್ದಿದ್ದಳು. ಕೂದಲಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಗಂಡ ಜೊತೆಗೆ ಬಂದಿದ್ದ, ಬಾಗಿಲ ಹತ್ತಿರವೇ ನಿಂತ.

"ಏನಾಗತೈತ್ರಿ ಅಕ್ಕಾ?" ಎಂದೆ.

"ಕೈ ಜೋಮು ಹಿಡೀತೈತ್ರಿ. ಈ ಮೂರು ಬಳ್ಳು ನನ್ನವs ಅಲ್ಲ ಅನ್ನಂಗ ಆಗತಾವು. ಮಲಗಿದಾಗ ಜಾಸ್ತಿ. ಎದ್ದು ಹಿಂಗ ಝಾಡಿಸಿದ್ರ ಒಂಚೂರು ಆರಾಮ." ಅವಳು ಕೈಯನ್ನು ನೀರು ಕೊಡವಿದಂತೆ ಕೊಡವಿ ತೋರಿಸಿದಳು. "ದಬ್ಬಣ ಹಿಡದ್ರ ಯಾವಾಗ ಜಾರಿ ಬೀಳತೈತೋ ಗೊತ್ತಾಗವಲ್ದು."

ಪಠ್ಯಪುಸ್ತಕದಲ್ಲಿ ಬರೆದಿಟ್ಟ ಹಾಗೆ ಹೇಳಿದ್ದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮಲಗಿದಾಗ ಹೆಚ್ಚು, ಕೊಡವಿದರೆ ಕಡಿಮೆ. ಅಷ್ಟು ಕೇಳಿದ ಮೇಲೆ ಯಂತ್ರ ಮುಟ್ಟುವ ಮೊದಲೇ ರೋಗ ಗೊತ್ತಾಗಬೇಕಿತ್ತು.

ಆ ದಿನ ಹೊರಗೆ ಏಳೆಂಟು ಬಸುರಿಯರು ಹೊಟ್ಟೆ ತುಂಬ ನೀರು ಕುಡಿದು ಕೂತಿದ್ದರು. ನೀರು ಕುಡಿದು ಕೂತವರನ್ನು ಕಾಯಿಸಬಾರದು. ಸಿಸ್ಟರ್ ಎರಡು ಸಲ ಬಾಗಿಲು ತೆರೆದು ಮುಖ ತೋರಿಸಿ ಹೋಗಿದ್ದಳು. ನಾನು ಗಾದಿ ಅಕ್ಕನ ಬಲಗೈಯನ್ನು ದಿಂಬಿನ ಮೇಲಿಟ್ಟು ಜೆಲ್ ಹಚ್ಚಿದೆ. ಕಿರುಬೆರಳ ಬದಿಯಲ್ಲಿ ಬಟಾಣಿಯಂಥ ಎಲುಬೊಂದಿದೆ, ಅದರ ಸಮಕ್ಕೆ ಪ್ರೋಬ್ ಇಟ್ಟೆ. ನರ ಕಂಡಿತು. ಸುತ್ತ ಗೆರೆ ಎಳೆದೆ. ಏಳು ಬಂತು.

ನಾನು ನಿಜ ಬರೆಯುವುದಾದರೆ ಇದನ್ನೂ ಬರೆಯಬೇಕು. ಆ ನರದ ಪಕ್ಕದಲ್ಲೇ ಅಂಥದೇ ಇನ್ನೊಂದು ದುಂಡನೆಯ ಆಕಾರ ನನಗೆ ಕಂಡಿತ್ತು. ಇದೇನಿದು ಎಂದು ಒಂದು ಗಳಿಗೆ ಕೈ ತಡೆದಿತ್ತು. ಹುರಿ ಇರಬೇಕು ಅಂದುಕೊಂಡೆ. ಪ್ರೋಬನ್ನು ಸ್ವಲ್ಪ ಓರೆ ಮಾಡಿದ್ದರೆ ಹುರಿಯಾದರೆ ಕಪ್ಪಾಗುತ್ತಿತ್ತು, ನರವಾದರೆ ಹಾಗೇ ಉಳಿಯುತ್ತಿತ್ತು. ದಾವಣಗೆರೆಯಲ್ಲಿ ಅದನ್ನೇ ಮೊದಲು ಕಲಿಸಿದ್ದರು. ಮೊಣಕೈವರೆಗೂ ಮೇಲಕ್ಕೆ ಹಿಂಬಾಲಿಸಿ ನೋಡು ಎಂದೂ ಹೇಳಿದ್ದರು. ನಾನು ಓರೆ ಮಾಡಲಿಲ್ಲ, ಹಿಂಬಾಲಿಸಲೂ ಇಲ್ಲ. ಸಿಸ್ಟರ್ ಮೂರನೇ ಸಲ ಬಾಗಿಲು ತೆರೆದಳು.

"ನರ ಛಲೋ ಐತಿ ಅಕ್ಕಾ," ಎಂದೆ. "ಊದಿಲ್ಲ, ಏನಿಲ್ಲ."

"ಹಂಗಾರ ಯಾಕ್ರಿ ಹಿಂಗಾಗತೈತಿ?"

"ದಣಿವು ಇರಬೇಕು. ರಕ್ತ ಕಮ್ಮಿ ಇದ್ರೂ ಹಂಗಾಗತೈತಿ. ಮನಸಿಗೆ ಭಾಳ ಹಚ್ಚಿಕೋಬ್ಯಾಡ್ರಿ."

ಗಂಡ ಬಾಗಿಲ ಬಳಿಯಿಂದ, "ನಾ ಅದನ್ನs ಹೇಳೀನ್ರಿ," ಎಂದ. ಅವನ ಮುಖದಲ್ಲಿ ನಿರಾಳ ಇತ್ತು. ನಾನು ಅವನ ಕಡೆ ನೋಡಿ ನಕ್ಕೆ. ಗಾದಿ ಅಕ್ಕ ಟಿಶ್ಯೂ ಕಾಗದದಿಂದ ಮಣಿಕಟ್ಟನ್ನು ಬಹಳ ಹೊತ್ತು ಒರೆಸಿಕೊಂಡಳು. ರಿಪೋರ್ಟಿನಲ್ಲಿ 'ನಾರ್ಮಲ್' ಎಂದು ಬರೆದು ಸಹಿ ಹಾಕಿದೆ. ಮುಂದಿನ ಬಸುರಿ ಒಳಗೆ ಬಂದಳು.

ಅದಾದ ಮೇಲೆ ಸುಮಾರು ಒಂದೂವರೆ ವರ್ಷ ಗಾದಿ ಅಕ್ಕನ ನೆನಪೇ ನನಗೆ ಬರಲಿಲ್ಲ.

ಮಗಳನ್ನು ಹಾಸ್ಟೆಲಿಗೆ ಸೇರಿಸುವುದಿತ್ತು. ಮನೆಯಲ್ಲಿ ಒಂದು ಹಳೆಯ ಗಾದಿಯ ಹತ್ತಿ ಗಂಟುಗಟ್ಟಿತ್ತು. ಹಿಂಜಿಸಿ ಹೊಸ ಬಟ್ಟೆ ಹಾಕಿಸೋಣ ಎಂದು ಅದನ್ನು ಆಟೋದಲ್ಲಿ ಹೇರಿಕೊಂಡು ನಾನೇ ಹೋದೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಅಂಗಡಿ ಯಾರದೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಮಷೀನಿನ ಸದ್ದು. ಗಾಳಿಯಲ್ಲಿ ಹತ್ತಿಯ ಧೂಳು. ಮಷೀನು ನಡೆಸುತ್ತಿದ್ದವನು ನನ್ನನ್ನು ನೋಡಿ ಅದನ್ನು ನಿಲ್ಲಿಸಿ ಹೊರಗೆ ಬಂದ.

"ನೀವು ಸ್ಕ್ಯಾನಿಂಗ್ ಡಾಕ್ಟ್ರಮ್ಮಾರಲ್ರೀ? ಬರ್ರಿ, ಬರ್ರಿ. ಕುರ್ಚಿ ತಗೋರಿ." ನಂತರ ಒಳಗೆ ತಿರುಗಿ, "ಯಾರು ಬಂದಾರ ನೋಡು," ಎಂದು ಹೆಂಡತಿಗೆ ಹೇಳಿದ. ನನಗೆ ಗುರುತು ಸಿಗದ್ದನ್ನು ನೋಡಿ ಅವನೇ ನೆನಪಿಸಿದ. "ಈಕಿ ಕೈ ನೋಡಿದ್ರಲ್ರಿ ನೀವು. ಏನಿಲ್ಲ ಅಂದ್ರಿ. ಅವತ್ತಿಂದ ನನಗ ಧೈರ್ಯ ಬಂತ್ರಿ. ಈಕಿ ಮಾತು ಕೇಳಿದ್ರ ಊರೂರು ತಿರುಗಬೇಕಾಗಿತ್ತು."

ಗಾದಿ ಅಕ್ಕ ನೆಲದ ಮೇಲೆ ಗಾದಿಯೊಂದರ ಪಕ್ಕ ಕೂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು, ನಗಲಿಲ್ಲ. ಅವಳು ದಬ್ಬಣವನ್ನು ಎಡಗೈಯಲ್ಲಿ ಚುಚ್ಚುತ್ತಿದ್ದಳು. ಬಟ್ಟೆ, ಹತ್ತಿ, ಮತ್ತೆ ಬಟ್ಟೆ ದಾಟಿ ಆಚೆ ಬಂದ ದಬ್ಬಣದ ತುದಿಯನ್ನು ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. "ಕೈ ತೋರಸ್ರಿ ಅಕ್ಕಾ."

ಅವಳು ಎರಡೂ ಅಂಗೈ ಚಾಚಿದಳು. ಎಡಗೈಯ ಹೆಬ್ಬೆರಳ ಬುಡದಲ್ಲಿ ಎಲ್ಲರಿಗೂ ಇರುವ ಹಾಗೆ ಮಾಂಸದ ದಿಣ್ಣೆ ಇತ್ತು. ಬಲಗೈಯಲ್ಲಿ ಆ ಜಾಗ ಬತ್ತಿ ತಗ್ಗಾಗಿತ್ತು, ಚರ್ಮದ ಕೆಳಗೆ ಎಲುಬು ಕಾಣುತ್ತಿತ್ತು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಎಂದೆ. ಅರ್ಧ ದಾರಿಗೆ ಬಂದು ನಿಂತಿತು. ಮಣಿಕಟ್ಟಿನ ಮೇಲೆ ಅಡ್ಡಕ್ಕೆ ಮೂರು ಕಪ್ಪು ಕಲೆಗಳಿದ್ದವು.

"ಇವೇನ್ರಿ?"

"ಬರಿ ಹಾಕಿಸಿದೆ. ಹಡಗಲಿ ಕಡೆ ಒಂದು ಹಳ್ಳ್ಯಾಗ ಹಾಕ್ತಾರ. ಸ್ಕ್ಯಾನಿನಾಗ ಏನಿಲ್ಲ ಅಂದ ಮ್ಯಾಲೆ ಇನ್ನೆಲ್ಲಿ ಹೋಗ್ಲಿ?"

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ಕಾಯಿಸಿದ ಕಬ್ಬಿಣ ಇಟ್ಟಾಗ ಉರಿ ಹತ್ತಿತೇ ಎಂದು ಕೇಳಿದೆ. ಮಣಿಕಟ್ಟಿನ ಮೇಲೆ ಹತ್ತಿತು, ಜೀವ ಹೋದಂಗಾಯಿತು ಎಂದಳು. ನಂತರ ಬೆರಳ ತುದಿ ತೋರಿಸಿ, "ಇಲ್ಲಿ ಮಾತ್ರ ಏನು ಚುಚ್ಚಿದ್ರೂ ತಿಳಿಯಂಗಿಲ್ರಿ," ಎಂದಳು. ಹಿಂದಿನ ಬೇಸಿಗೆಯಲ್ಲಿ ಮದುವೆ ಮನೆಯೊಂದಕ್ಕೆ ಗಾದಿ ಹೊಲಿಯುವಾಗ ದಬ್ಬಣ ಬೆರಳಿಗೆ ಹೊಕ್ಕಿದ್ದು ಗೊತ್ತಾಗದೆ ಹೊಲಿಯುತ್ತಲೇ ಹೋಗಿದ್ದಳಂತೆ. ಹೊಸ ಬಟ್ಟೆಯ ತುಂಬ ರಕ್ತದ ಚುಕ್ಕೆ. ಮದುವೆ ಗಾದಿಗೆ ರಕ್ತ ಹತ್ತಿದೆಯೆಂದು ಆ ಮನೆಯವರು ಅದನ್ನು ಅಂಗಡಿಯ ಬಾಗಿಲಲ್ಲೇ ಬಿಟ್ಟು ಹೋದರಂತೆ.

"ಅವತ್ತು ಭಾಳ ಬೈದೆ ನಾನು," ಎಂದ ಗಂಡ. "ಲಕ್ಷ್ಯ ಎಲ್ಲಿಟ್ಟಿ ಅಂತ. ಡಾಕ್ಟ್ರಮ್ಮಾರs ಏನಿಲ್ಲ ಅಂದ ಮ್ಯಾಲ ಇದು ಕೆಲಸಗಳ್ಳತನ ಅಲ್ದ ಏನು ಅಂದೆ." ಹೇಳುತ್ತಿದ್ದಂತೆ ನನ್ನ ಮುಖ ನೋಡಿ ಅವನ ಮಾತು ನಿಧಾನವಾಯಿತು.

"ನಾಳೆ ಬರ್ರಿ," ಎಂದೆ. "ಇನ್ನೊಮ್ಮೆ ನೋಡ್ತೀನಿ."

ಮಗಳ ಗಾದಿಗೆ ಬಟ್ಟೆ ಆರಿಸುವುದನ್ನೂ ಮರೆತು ಎದ್ದು ಬಂದೆ. ಸೆಂಟರಿಗೆ ಹೋದವಳೇ ಕಂಪ್ಯೂಟರಿನಲ್ಲಿ ಅವಳ ಹಳೆಯ ಚಿತ್ರ ತೆಗೆದೆ. ಎರಡು ದುಂಡನೆಯ ಆಕಾರಗಳು ಅಕ್ಕಪಕ್ಕ ಇದ್ದವು. ಒಂದರ ಸುತ್ತ ನಾನು ಎಳೆದ ಚುಕ್ಕೆ ಗೆರೆ. ಇನ್ನೊಂದರ ಸುತ್ತ ಏನೂ ಇಲ್ಲ.

ಕೆಲವರಲ್ಲಿ ಆ ನರ ಮಣಿಕಟ್ಟಿಗೆ ಬರುವ ಮೊದಲೇ ಎರಡಾಗಿ ಸೀಳಿರುತ್ತದೆ. ಹುಟ್ಟಿನಿಂದ ಬಂದದ್ದು, ಅದೇ ರೋಗವಲ್ಲ. ಅಂಥವರಲ್ಲಿ ಎರಡನ್ನೂ ಅಳೆದು ಕೂಡಿಸಬೇಕು. ಇದೂ ನನಗೆ ಗೊತ್ತಿದ್ದ ಸಂಗತಿಯೇ. ತರಬೇತಿಯಲ್ಲಿ ಬರೆದುಕೊಂಡ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿಕೊಂಡಿದ್ದೆ.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಆ ದಿನ ಬಸುರಿಯರನ್ನೆಲ್ಲ ಮಧ್ಯಾಹ್ನಕ್ಕೆ ಬರಹೇಳಿದ್ದೆ. ಮೊಣಕೈಯಿಂದ ಕೆಳಗೆ ಪ್ರೋಬನ್ನು ನಿಧಾನವಾಗಿ ಇಳಿಸಿದೆ. ಒಂದೇ ನರ, ಒಂದೇ ನರ, ಆಮೇಲೆ ಮಣಿಕಟ್ಟಿಗೆ ಎರಡು ಬೆರಳು ದೂರದಲ್ಲಿ ಅದು ಎರಡಾಯಿತು. ನಡುವೆ ಸಣ್ಣ ರಕ್ತನಾಳವೊಂದು ಮಿಡಿಯುತ್ತಿತ್ತು. ಒಂದರ ಅಳತೆ ಎಂಟು, ಇನ್ನೊಂದರದು ಏಳು. ಕೂಡಿಸಿದರೆ ಹದಿನೈದು. ಹಳೆಯ ಚಿತ್ರದಲ್ಲಿ ಬಿಟ್ಟಿದ್ದ ಅರ್ಧವನ್ನು ಹಿಂದಿನ ಸಂಜೆಯೇ ಅಳೆದು ನೋಡಿದ್ದೆ. ಆಗಲೇ ಎರಡೂ ಕೂಡಿ ಹದಿಮೂರಿತ್ತು.

"ನರ ಊದೈತ್ರಿ," ಎಂದೆ. "ಒತ್ತಡಕ್ಕ ಸಿಕ್ಕೈತಿ. ಆಪರೇಷನ್ ಬೇಕಾಗಬಹುದು."

ಗಂಡ ಮಂಚದ ಹತ್ತಿರ ಬಂದ. "ಮೊದ್ಲ ಇರ್ಲಿಲ್ಲಲ್ರೀ ಇದು?"

ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬೇಕಾದಷ್ಟು ಸಮಯವಿತ್ತು. ಸಿಸ್ಟರ್ ಬಾಗಿಲು ತೆರೆಯಲಿಲ್ಲ. ಫೋನ್ ಬಡಿಯಲಿಲ್ಲ. ಗಾದಿ ಅಕ್ಕ ಮಲಗಿದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು.

"ಇರ್ಲಿಲ್ಲ," ಎಂದೆ. "ಈಗ ಬೆಳದೈತಿ."

ಮೊದಲ ತಪ್ಪು ಅವಸರದಲ್ಲಿ ಆದದ್ದು. ಈ ಎರಡನೆಯದನ್ನು ನಾನು ಯೋಚಿಸಿ ಮಾಡಿದೆ. ರೋಗ ಬೆಳೆಯುತ್ತದೆ, ಆಗಿನದಕ್ಕಿಂತ ಈಗ ಹೆಚ್ಚಾಗಿರುವುದು ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಹೋಗಿ ಊಟಕ್ಕೆ ಕೂತಾಗ ನನ್ನ ಗಂಡ ಏನಾಯಿತೆಂದು ಕೇಳಿದರೆ, ಏನಿಲ್ಲ ಎಂದೆ.

ದಾವಣಗೆರೆಯ ಸರ್ಜನ್ ಒಬ್ಬರಿಗೆ ಪತ್ರ ಬರೆದುಕೊಟ್ಟೆ. ಅಲ್ಲಿ ಕರೆಂಟಿನ ಪರೀಕ್ಷೆಯೂ ಆಯಿತು. ನರ ಬಹಳ ಹಾಳಾಗಿದೆ ಎಂದೇ ಬಂತು. ಆಪರೇಷನ್ ಆದ ದಿನ ಆ ಸರ್ಜನ್ ನನಗೆ ಫೋನ್ ಮಾಡಿದರು.

"ಒಳ್ಳೇ ರಿಪೋರ್ಟ್ ಕೊಟ್ಟಿದ್ರಿ ಮೇಡಂ. ನರ ಎರಡಾಗಿರೋದು, ನಡುವೆ ರಕ್ತನಾಳ ಇರೋದು ಮೊದಲೇ ಗೊತ್ತಿದ್ದಕ್ಕೆ ಹುಷಾರಾಗಿ ಬಿಡಿಸಿದೆ."

"ಹೆಬ್ಬೆರಳ ಶಕ್ತಿ ಬರುತ್ತಾ ಸರ್?"

"ಜೋಮು ಹೋಗುತ್ತೆ. ಶಕ್ತಿ ಹೇಳೋಕಾಗಲ್ಲ. ಮಾಂಸ ಬತ್ತಿಬಿಟ್ಟಿದೆ. ಒಂದು ವರ್ಷ ಮೊದಲು ಬಂದಿದ್ರೆ ಮಾತೇ ಬೇರೆ ಇತ್ತು. ಇಂಥವರು ತಡವಾಗೇ ಬರ್ತಾರೆ, ಏನು ಮಾಡೋದು."

ತಡವಾಗಿ ಬರಲಿಲ್ಲ ಸರ್ ಎನ್ನುವ ಮಾತು ಬಾಯಿಗೆ ಬಂದಿತ್ತು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಆ ವಾರ ನಾನು ಅಲ್ಲಿಯವರೆಗೆ ಮಾಡಿದ ಮಣಿಕಟ್ಟಿನ ಸ್ಕ್ಯಾನುಗಳನ್ನೆಲ್ಲ ಮತ್ತೆ ತೆಗೆದು ಕೂತೆ. ನಾರ್ಮಲ್ ಎಂದು ಬರೆದವುಗಳನ್ನು ಒಂದೊಂದಾಗಿ ನೋಡಿದೆ. ಮೂರು ಸಂಜೆ ಹಿಡಿಯಿತು. ಒಂದರಲ್ಲಿ ಅನುಮಾನ ಬಂತು. ಹೊಳಲಿನ ಶಾಲೆಯೊಂದರ ಟೀಚರ್. ಅವರ ನರವನ್ನು ನಾನು ಬಹಳ ಕೆಳಗೆ, ಅಂಗೈಯ ಒಳಗೆ ಅಳೆದಿದ್ದೆ. ಅಲ್ಲಿ ಅದು ಹಿಸುಕಿ ಚಪ್ಪಟೆಯಾಗಿರುತ್ತದೆ, ಅಳತೆ ಕಡಿಮೆ ಬರುತ್ತದೆ. ಫೋನ್ ಮಾಡಿ ಕರೆಸಿ ಮತ್ತೆ ನೋಡಿದೆ. ಸ್ವಲ್ಪ ಊದಿತ್ತು. ನನ್ನ ಅಳತೆ ತಪ್ಪಿತ್ತೆಂದು ಅವರಿಗೆ ನೇರವಾಗಿ ಹೇಳಿದೆ, ಮಲಗುವಾಗ ಕಟ್ಟಿಕೊಳ್ಳುವ ಪಟ್ಟಿಗೆ ಬರೆದುಕೊಟ್ಟೆ. ತಿಂಗಳೆರಡರಲ್ಲಿ ಅವರಿಗೆ ಗುಣವಾಯಿತು. ಅವರಿಗೆ ಹೇಳುವುದು ಸುಲಭವಾಗಿತ್ತು, ಏಕೆಂದರೆ ಅವರ ಕೈ ಕೆಟ್ಟಿರಲಿಲ್ಲ. ಅದನ್ನು ಹೇಳಿ ಪ್ರಾಮಾಣಿಕಳಾದೆ ಎಂದುಕೊಳ್ಳಲು ಮನಸ್ಸು ಒಂದು ದಿನ ಪ್ರಯತ್ನ ಪಟ್ಟಿತು, ಆಗಲಿಲ್ಲ.

ಹೊಲಿಗೆ ಬಿಚ್ಚಿಸಿಕೊಂಡು ಬಂದ ಕೆಲ ದಿನಕ್ಕೆ ಗಾದಿ ಅಕ್ಕನೂ ಗಂಡನೂ ನಮ್ಮ ಸೆಂಟರಿಗೆ ಬಂದರು. ಗಂಡ ಎರಡು ಹೆಗಲ ಮೇಲೆ ಎರಡು ಹೊಸ ದಿಂಬು ಇಟ್ಟುಕೊಂಡು ಒಳಗೆ ಬಂದದ್ದನ್ನು ನೋಡಿ ಕಾಯುತ್ತಿದ್ದ ಹೆಂಗಸರು ನಕ್ಕರು. ಅವನೂ ನಕ್ಕ. ಆ ಎರಡನ್ನೂ ನನ್ನ ಮೇಜಿನ ಮೇಲೆ ಇಟ್ಟ.

"ಬೂರಗದ ಹತ್ತಿ ಹಾಕೀನ್ರಿ. ನಿಮಗಂತಲೇ. ನೀವು ಹಿಡದಿದ್ದಕ್ಕ ಕೈ ಉಳೀತು. ಜೋಮು ಅನ್ನದು ಹೋಗೇಬಿಟ್ಟೈತಿ ಅಂತಾಳ."

ದಿಂಬು ಮೆತ್ತಗೆ, ಬಿಳಿ ಬಟ್ಟೆಯ ಮೇಲೆ ನೀಲಿ ಗೆರೆ. ಅವುಗಳ ಹೊಲಿಗೆ ಒಂದು ಕಡೆ ಸೊಟ್ಟಗಿತ್ತು. ಎಡಗೈಯಲ್ಲಿ ಅವಳೇ ಹೊಲಿದಿದ್ದಳು. ಗಾಡಿಯನ್ನು ದಾರಿಗೆ ಅಡ್ಡ ನಿಲ್ಲಿಸಿ ಬಂದಿದ್ದೀನಿ, ತೆಗೆದಿಟ್ಟು ಬರುತ್ತೀನಿ ಎಂದು ಅವನು ಹೊರಗೆ ಹೋದ.

ನಾನು ಬಾಗಿಲು ಹಾಕಿದೆ.

"ಅಕ್ಕಾ, ಈ ದಿಂಬು ನಾ ತಗೊಳ್ಳಾಕ ಆಗಂಗಿಲ್ಲ."

"ಯಾಕ್ರಿ?"

"ಮೊದಲ ಸಲ ಬಂದಾಗs ನಿಮ್ಮ ನರ ಊದಿತ್ತು. ನಿಮಗ ನರ ಎರಡು ಸೀಳು ಐತಿ. ನಾ ಒಂದನ್ನs ಅಳದೆ. ಇನ್ನೊಂದು ಕಣ್ಣಿಗೆ ಬಿದ್ದಿತ್ತು, ಏನು ಅಂತ ನೋಡಲಿಲ್ಲ. ಅವಸರ ಮಾಡಿದೆ. ಆಮ್ಯಾಲ ಎರಡನೇ ಸಲ ಬಂದಾಗ, ಮೊದಲು ಇರ್ಲಿಲ್ಲ ಅಂತ ಸುಳ್ಳು ಹೇಳಿದೆ."

ಒಮ್ಮೆಗೇ ಹೇಳಿದೆ. ನಡುವೆ ನಿಲ್ಲಿಸಿದ್ದರೆ ಮತ್ತೆ ಶುರು ಮಾಡಲು ಆಗುತ್ತಿರಲಿಲ್ಲ. ಅವಳು ಮೇಜಿನ ಅಂಚು ಹಿಡಿದು ಸ್ಟೂಲಿನ ಮೇಲೆ ಕೂತಳು. ತನ್ನ ಬಲಗೈ ನೋಡಿಕೊಂಡಳು. ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು, ಅದರ ಮೇಲ್ಗಡೆ ಬರೆಯ ಕಲೆಗಳು.

"ಅಂದ್ರ ನನಗ ಖರೇನs ಆಗಿತ್ತು," ಎಂದಳು.

"ಹೌದು."

"ನಾ ಸೋಗು ಮಾಡ್ತಿರಲಿಲ್ಲ."

"ಇಲ್ಲ ಅಕ್ಕಾ."

"ನನಗs ಹಂಗ ಅನಸಾಕ ಹತ್ತಿತ್ರಿ. ಎಲ್ಲಾರೂ ಅಂತಾರ, ಡಾಕ್ಟ್ರೂ ಅಂದಾರ. ನನ್ನ ತಲಿ ಕೆಟ್ಟೈತೇನೋ ಅಂತ. ಅಡಿಗಿ ಮಾಡುವಾಗ ಬೋಗುಣಿ ಕೈಯಿಂದ ಬಿದ್ರ, ನಾನs ಬೇಕಂತ ಬಿಟ್ಟೆನೇನೋ ಅಂತ ಅನಸೋದು." ಅವಳ ದನಿ ಏರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡವು. ಸೆರಗಿನಿಂದ ಒರೆಸಿಕೊಂಡು, "ನನಗ ಹೇಳಿದ್ರ ಏನಾಗತೈತ್ರಿ. ಇವ್ರನ್ನ ಕರೀರಿ. ಇವ್ರ ಮುಂದ ಹೇಳ್ರಿ," ಎಂದಳು.

ನಾನು ಅದಕ್ಕೆ ಸಿದ್ಧಳಾಗಿರಲಿಲ್ಲ. ಅವಳ ಹತ್ತಿರ ಹೇಳಿಕೊಂಡು, ಅವಳು ಬೈದರೆ ಬೈಸಿಕೊಂಡು ಮುಗಿಸಬಹುದು ಎಂದುಕೊಂಡಿದ್ದೆ. ಗಂಡಸು, ಸಿಟ್ಟಾದರೆ ಹೊರಗೆ ಕೂತವರ ಮುಂದೆ ಕೂಗಾಡಬಹುದು, ಕೇಸು ಗೀಸು ಎನ್ನಬಹುದು. ಅಷ್ಟರಲ್ಲಿ ಅವನೇ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

ಅವನ ಮುಂದೆ ಮತ್ತೊಮ್ಮೆ ಎಲ್ಲ ಹೇಳಿದೆ. ಹಳೆಯ ಚಿತ್ರವನ್ನೂ ಪರದೆಯ ಮೇಲೆ ತೆಗೆದು ತೋರಿಸಿದೆ. ಇದು ನಾನು ಅಳೆದದ್ದು, ಇದು ಬಿಟ್ಟದ್ದು ಎಂದೆ. ಅವನು ಪರದೆಯ ಹತ್ತಿರಕ್ಕೆ ಬಗ್ಗಿ ಎರಡನ್ನೂ ನೋಡಿದ. ಕೂಗಾಡಲಿಲ್ಲ.

"ಇದು ಅವತ್ತಿಂದೇನ್ರಿ?"

"ಹೌದು. ಮೂಲ್ಯಾಗ ತಾರೀಕು ಐತಿ ನೋಡ್ರಿ."

ಅವನು ತಾರೀಕು ಓದಿದ. ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದ. ಅವಳು ಅವನನ್ನು ನೋಡುತ್ತಲೇ ಇದ್ದಳು. ಅವನೇ ಮೊದಲು ಕಣ್ಣು ತಗ್ಗಿಸಿದ.

"ನಾ ಭಾಳ ಅಂದೀನಿ ಈಕಿಗೆ," ಎಂದ. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ನೋಡಿ, "ನೀವು ಒಂದು ಮಾತು ಅಂದ್ರಿ. ನಾ ದಿನಾ ಅಂದೆ," ಎಂದ.

ಅವನು ನನ್ನನ್ನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಒಂದು ಮಾತನ್ನು ಹಿಡಿದು ಒಂದೂವರೆ ವರ್ಷ ಆ ಮನೆಯಲ್ಲಿ ಏನೇನು ನಡೆದಿತ್ತೆಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ಅದನ್ನು ಅವನೊಬ್ಬನೇ ಹೊತ್ತುಕೊಳ್ಳುವಂತೆ ನಾನು ಬಿಟ್ಟುಬಿಟ್ಟೆ.

ಗಾದಿ ಅಕ್ಕ ಎದ್ದು ನಿಂತಳು. "ಬರದು ಕೊಡ್ರಿ," ಎಂದಳು.

"ಏನು?"

"ಈಗ ಹೇಳಿದ್ದು. ಮೊದಲ ಕಾಗದದಾಗ ಏನಿಲ್ಲ ಅಂತ ಬರದೀರಲ್ರಿ. ಅದು ತಪ್ಪು ಅಂತ ಬರದು ಕೊಡ್ರಿ. ನನ್ನ ತವರಿನವ್ರೂ ನಂಬಿಲ್ಲ. ಓಣ್ಯಾಗಿನವ್ರೂ ನಂಬಿಲ್ಲ."

ಸಹಿ ಹಾಕಿ ತಪ್ಪೊಪ್ಪಿಕೊಂಡ ಕಾಗದ ನಾಳೆ ಎಲ್ಲೆಲ್ಲಿಗೆ ಹೋಗಬಹುದೆಂದು ಡಾಕ್ಟರಾದ ಯಾರಿಗಾದರೂ ಗೊತ್ತು. ಬಾಯಲ್ಲಿ ಹೇಳಿದ್ದು ಬೇರೆ, ಬರೆದದ್ದು ಬೇರೆ. ಸಿಸ್ಟರಿಗೆ ಹೇಳಿ ಟೈಪ್ ಮಾಡಿಸಿಡುತ್ತೇನೆ, ನಾಳೆ ಬನ್ನಿ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ನಾಳೆಗೆ ಬಿಟ್ಟರೆ ನಾನು ಬರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಲೆಟರ್‌ಹೆಡ್ ತೆಗೆದುಕೊಂಡು ಕೈಯಲ್ಲೇ ಬರೆದೆ. ನನಗೆ ರಿಪೋರ್ಟುಗಳನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ. ಅವಳು, ಕನ್ನಡದಲ್ಲಿ ಬರೆಯಿರಿ ಎಂದಳು. ಹಿಂದಿನ ತಾರೀಕಿನ ಸ್ಕ್ಯಾನಿನಲ್ಲಿ ನರದ ಒಂದು ಭಾಗವನ್ನು ಮಾತ್ರ ಅಳೆಯಲಾಗಿತ್ತು, ಎರಡೂ ಸೇರಿದರೆ ಅಂದೇ ಊತ ಇತ್ತು, ನಾರ್ಮಲ್ ಎಂದು ಬರೆದದ್ದು ನನ್ನ ತಪ್ಪು ಎಂದು ಬರೆದು ಓದಿ ಹೇಳಿದೆ. 'ಅಳೆಯಲಾಗಿತ್ತು' ಎಂಬಲ್ಲಿ ನಿಲ್ಲಿಸಿ, ಅದನ್ನು ಹೊಡೆದು 'ನಾನು ಅಳೆದಿದ್ದೆ' ಎಂದು ತಿದ್ದಿದೆ. ಸಹಿ ಹಾಕಿದೆ.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಡಗೈಯಲ್ಲಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ದಿಂಬು ಇಲ್ಲೇ ಇರ್ಲಿ," ಎಂದಳು. "ಕೊಡಾಕ ತಂದಿದ್ದು ವಾಪಸ್ ಒಯ್ಯಬಾರ್ದು."

ಅವರು ಹೋದರು. ನಾನು ಕಿಟಕಿಯಿಂದ ನೋಡಿದೆ. ಗಂಡ ಗಾಡಿ ಹತ್ತಿ ಅವಳು ಕೂರಲೆಂದು ಕಾದ. ಅವಳು ಹತ್ತದೆ ನಡೆದುಕೊಂಡೇ ಹೊರಟಳು. ಸ್ವಲ್ಪ ದೂರ ಅವನು ಗಾಡಿಯನ್ನು ಚಾಲೂ ಮಾಡದೆ ತಳ್ಳಿಕೊಂಡು ಅವಳ ಪಕ್ಕ ನಡೆದ.

ಆ ಕಾಗದ ಯಾವ ಕೋರ್ಟಿಗೂ ಹೋಗಲಿಲ್ಲ. ತವರಿನವರಿಗೆ, ನಾದಿನಿಯರಿಗೆ, ಓಣಿಯ ಹೆಂಗಸರಿಗೆ ಓದಿಸಿದಳೆಂದು ಆಮೇಲೆ ತಿಳಿಯಿತು. ಅದನ್ನು ಕೇಳಿದ್ದ ಒಬ್ಬರು ಸ್ಕ್ಯಾನಿಗೆ ಬಂದಾಗ, "ಅಳತಿ ಸರಿ ಮಾಡ್ರಿ ಡಾಕ್ಟ್ರಮ್ಮಾರ," ಎಂದು ನಗುತ್ತ ಅಂದರು. ನಾನೂ ನಗಬೇಕಾಯಿತು. ಬೇರೆ ಡಾಕ್ಟರುಗಳಿಗೂ ತಿಳಿಯಿತು. ಹರಪನಹಳ್ಳಿಯವರು ಕೆಲ ತಿಂಗಳು ಕೈ ಸ್ಕ್ಯಾನಿಗೆ ಯಾರನ್ನೂ ಕಳಿಸಲಿಲ್ಲ. ಅದು ನ್ಯಾಯವೇ. ಈಗ ಮತ್ತೆ ಕಳಿಸುತ್ತಾರೆ. ಒಂದು ಕೈಗೆ ಅರ್ಧ ಗಂಟೆ ಹಿಡಿಯುತ್ತದೆ. ಎರಡೂ ಕೈ ನೋಡುತ್ತೇನೆ, ಮೊಣಕೈಯಿಂದ ಶುರು ಮಾಡುತ್ತೇನೆ. ನನ್ನ ಅಳತೆಯೂ ಪೇಶೆಂಟಿನ ಮಾತೂ ಹೊಂದದಿದ್ದರೆ, ನಾರ್ಮಲ್ ಎಂದು ಬರೆಯುವ ಬದಲು, ಹೊಂದುತ್ತಿಲ್ಲ, ಕರೆಂಟಿನ ಪರೀಕ್ಷೆ ಮಾಡಿಸಿ ಎಂದು ಬರೆಯುತ್ತೇನೆ.

ಗಾದಿ ಅಕ್ಕನ ಬೆರಳುಗಳಿಗೆ ಸ್ಪರ್ಶ ತಿರುಗಿ ಬಂತು. ಬಿಸಿ, ತಣ್ಣಗೆ, ಚುಚ್ಚಿದ್ದು ಎಲ್ಲ ಗೊತ್ತಾಗುತ್ತದೆ. ಹೆಬ್ಬೆರಳ ಬುಡದ ತಗ್ಗು ಅರ್ಧದಷ್ಟೂ ತುಂಬಿಲ್ಲ. ಗಾದಿ ಹೊಲಿಯಲು ಈಗ ಬೇರೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡಿದ್ದಾರೆ. ಅವಳು ಬಟ್ಟೆ ಕತ್ತರಿಸಿ ಕೊಡುತ್ತಾಳೆ, ಗಿರಾಕಿಗಳೊಂದಿಗೆ ಮಾತಾಡುತ್ತಾಳೆ. ಅವಳ ಹಾಗೆ ಮೂಲೆ ಹೊಲಿಯುವವರು ಇನ್ನೂ ಸಿಕ್ಕಿಲ್ಲ ಎಂದು ಗಂಡ ಹೇಳುತ್ತಾನೆ.

ಹೋದ ತಿಂಗಳು ಹಂಪಸಾಗರದ ಕಡೆ ಒಂದು ಮದುವೆಗೆ ಹೋಗಿ ಬರುವಾಗ ಕಾರು ಕೆಟ್ಟು, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬಸ್ಸಿನಲ್ಲಿ ಬಂದೆ. ಹತ್ತಿದರೆ ಗಾದಿ ಅಕ್ಕ ಕೂತಿದ್ದಳು. ಸರಿದು ಜಾಗ ಕೊಟ್ಟಳು. ಮಗಳು ಬಸುರಿ, ಏಳು ತಿಂಗಳು ಎಂದಳು. ನಾನು ಖುಷಿಯಿಂದ, ಎಷ್ಟನೇ ತಿಂಗಳಲ್ಲಿ ಸ್ಕ್ಯಾನ್ ಆಯಿತು, ಎಲ್ಲ ಸರಿ ಇದೆಯೇ ಎಂದು ಕೇಳಿದೆ. ಕೇಳಿದ ಮೇಲೆ ಹೊಳೆಯಿತು, ಆ ಹುಡುಗಿ ನನ್ನ ಹತ್ತಿರ ಬಂದಿಲ್ಲವೆಂದು.

"ಹರಪನಹಳ್ಳ್ಯಾಗ ಮಾಡಿಸೀವ್ರಿ," ಎಂದಳು. "ಸಿಟ್ಟಿಲ್ರಿ ನನಗ. ನೀವು ಬರದು ಕೊಟ್ರಿ, ಅಷ್ಟು ಯಾರೂ ಮಾಡಂಗಿಲ್ಲ. ಆದ್ರ ಮಗಳನ್ನ ಕರಕೊಂಡು ಬರಾಕ ಮನಸು ಒಪ್ಪಲಿಲ್ಲ."

"ಛಲೋ ಮಾಡಿದ್ರಿ," ಎಂದೆ.

ಅವಳು ನನ್ನ ಮುಖ ನೋಡಿದಳು, ಮನಸಾರೆ ಅಂದೆನೋ ಇಲ್ಲವೋ ಎಂದು. ಮನಸಾರೆಯೇ ಅಂದಿದ್ದೆ. ಆದರೂ ಕೊಟ್ಟೂರು ಬರುವವರೆಗೆ ನಾವು ಮಗಳ ವಿಷಯ ಮತ್ತೆ ತೆಗೆಯಲಿಲ್ಲ. ಈ ವರ್ಷದ ಹತ್ತಿ ಹೇಗಿದೆ, ಗಾದಿ ಹಾಸುವವರೇ ಕಡಿಮೆಯಾಗಿ ಎಲ್ಲರೂ ಫೋಮ್ ತರುತ್ತಿದ್ದಾರೆ ಎಂಬ ಮಾತು ಆಡಿದೆವು. ಬಸ್ಸು ನಿಂತಾಗ ಅವಳು ಮೊದಲು ಇಳಿದಳು, ಕಂಬಿಯನ್ನು ಎಡಗೈಯಲ್ಲಿ ಹಿಡಿದುಕೊಂಡು.